ಶಾಫ್ಟಿಗೂ ಒಂದು ಟಿಕೆಟ್

ಗಾಡಿ ರಿಪೇರಿ ಮಾಡುವವನನ್ನು ನಗುವಂಥ ಸಂಗತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ಜೊತೆಗೆ ಕೂತು ನಗುವುದಕ್ಕೆ ಮಾತ್ರ ಯಾರೂ ಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಕಡೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ ಇತ್ತು. ಮುಂದೆ ಕೆಲಸ, ಹಿಂದೆ ವಾಸ. ಒಲೆಯ ಮೇಲೆ ಒಬ್ಬನಿಗಾಗುವಷ್ಟು ಅನ್ನ.

ಆಗ ಹಳೇ ಜೀಪುಗಳನ್ನು ಎತ್ತರಿಸುವ ಹುಚ್ಚು ಹಬ್ಬಿತ್ತು. ಹೊಲದ ಬದು ಹೊಟ್ಟೆಗೆ ತಾಗಬಾರದು ಅಂತ ಸ್ಪ್ರಿಂಗಿಗೆ ಇನ್ನಷ್ಟು ಪಟ್ಟಿ ಸೇರಿಸಿ ಬಾಡಿಯನ್ನು ಮೇಲೆತ್ತಿಸುತ್ತಿದ್ದರು. ಎತ್ತುವುದು ಸುಲಭ. ಆದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ತಿರುಗುತ್ತಾ ಹೋಗುವ ಉದ್ದನೆಯ ಶಾಫ್ಟ್ ಇದೆಯಲ್ಲ, ಅದು ಇದ್ದಷ್ಟೇ ಉದ್ದ ಇರುತ್ತದೆ. ಮೇಲಿನದು ದೂರ ಹೋಯಿತು, ಕೆಳಗಿನದು ಅಲ್ಲೇ ಉಳಿಯಿತು. ನಡುವೆ ಇದು ಎಟಕದೆ ಒದ್ದಾಡುತ್ತದೆ. ನನ್ನ ಕಥೆಗಳೆಲ್ಲ ಆ ಒದ್ದಾಟದವೇ.

ಎಮ್ಮೆಯ ಗೂಟ

ಸಿಂಗಟಗೆರೆಯ ತೆಂಗಿನ ತೋಟದವರೊಬ್ಬರು ಜೀಪು ಎತ್ತರಿಸಿಕೊಂಡರು. "ಶಾಫ್ಟ್ ತುದಿ ಹಿಡ್ಕೊಂಡು ನೇತಾಡ್ತಿದೆ ಗೌಡ್ರೇ, ಉದ್ದ ಮಾಡಿಸೋವರೆಗೂ ಹಳ್ಳ ದಿಣ್ಣೆ ಹತ್ತಿಸಬೇಡಿ" ಅಂದೆ. "ಆಯ್ತು ಬಿಡೋ" ಅಂತ ನೇರವಾಗಿ ಬುಕ್ಕಾಂಬುಧಿಗೆ, ನೆಂಟರ ಮನೆಗೆ ಹೊರಟರು.

ಮಾರನೇ ದಿನ ವಾಪಸು ಬಂದವರ ಮುಖದಲ್ಲಿ ಸಂತೋಷವೋ ಸಂತೋಷ. "ಏನ್ ಕೈಯೋ ನಿಂದು! ಕೆರೆ ಏರಿ ಮೇಲೆ ದಡ್ ಅಂತ ಒಂದು ಸದ್ದಾಯ್ತು. ಅಲ್ಲಿಂದ ಗಾಡಿ ಹಗುರಾಗ್ಬಿಡ್ತು ಕಣೋ."

ಬಗ್ಗಿ ನೋಡಿದೆ. ಶಾಫ್ಟೇ ಇಲ್ಲ. ಏರಿ ಹತ್ತಲು ಮುಂದಿನ ಚಕ್ರಕ್ಕೂ ಗೇರ್ ಹಾಕಿದ್ದರಿಂದ ಮುಂದಿನ ಚಕ್ರಗಳೇ ಅವರನ್ನು ಕಡೂರಿನ ತನಕ ಎಳೆದು ತಂದಿದ್ದವು.

ಬಸ್ಸು ಹಿಡಿದು ಬುಕ್ಕಾಂಬುಧಿಗೆ ಹೋದೆ. ಏರಿಯ ಪಕ್ಕದಲ್ಲಿ ಶಾಫ್ಟ್ ನೆಟ್ಟಗೆ ನೆಲಕ್ಕೆ ಹುಗಿದುಕೊಂಡು ನಿಂತಿತ್ತು. ಅದಕ್ಕೊಂದು ಎಮ್ಮೆ ಕಟ್ಟಿತ್ತು.

"ಅವ್ವಾ, ಈ ಗೂಟ ನಂದು" ಅಂದೆ ಎಮ್ಮೆಯ ಒಡತಿಗೆ.

"ಗೂಟ ನಿಂದಾದ್ರೆ ಎಮ್ಮೆ ನಂದು. ಈಗ ಬಿಚ್ಚಿದ್ರೆ ಕೆರೆಗಿಳಿದು ಕೂತ್ಬಿಡ್ತದೆ. ಹಾಲು ಕರೆಯೋ ಹೊತ್ತಿನವರೆಗೂ ಕಾಯಪ್ಪ" ಅಂತ ಮನೆಗೆ ಹೋದಳು.

ಸಾಯಂಕಾಲದವರೆಗೆ ನಾನು, ಎಮ್ಮೆ, ಕೆರೆ. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಎಮ್ಮೆಗೆ ನನ್ನ ಊರು, ಕಸುಬು, ಸತ್ತ ಅಮ್ಮನ ವಿಷಯ ಎಲ್ಲ ಹೇಳಿದೆ. ಅದು ಮೆಲುಕು ಹಾಕುತ್ತಾ ಕೇಳಿಸಿಕೊಂಡಿತು. ಒಡತಿ ಬಂದು ಹಾಲು ಕರೆದು ತಂಬಿಗೆ ನೋಡಿ ಬೆರಗಾದಳು. "ಇವತ್ತು ಹೆಚ್ಚಿಗೆ ಕೊಡ್ತಲ್ಲ! ಜೊತೆಗೆ ಯಾರಾದ್ರೂ ಇದ್ರೆ ಅದಕ್ಕೂ ಗೆಲುವು. ಗೂಟ ತಗೊಂಡು ಹೋಗಪ್ಪ. ನೀನು ಮಾತ್ರ ನಾಳೆನೂ ಬಾ."

ಬೆಣ್ಣೆ

ಶಾಫ್ಟಿನ ಉದ್ದ ಸರಿಯಾದರೂ ಕೋನ ಸರಿಯಾಗಬೇಕು. ತೀರಾ ಇಳಿಜಾರಾದರೆ ಅದರ ತುದಿಯ ಕೀಲು, ಅಂದರೆ ಕ್ರಾಸ್, ತಡವರಿಸಿ ತಿರುಗಿ, ಗಾಡಿಯೆಲ್ಲ ಗಡಗಡ ನಡುಗುತ್ತದೆ. ಅಜ್ಜಂಪುರದ ಅಂಗಡಿಯವರೊಬ್ಬರ ಜೀಪು ಹಾಗೆ ನಡುಗುತ್ತಿತ್ತು. ಸ್ಪ್ರಿಂಗಿನ ಕೆಳಗೆ ಬೆಣೆ ಕೊಟ್ಟು, ಹಿಂದಿನ ಚಕ್ರಗಳ ನಡುವೆ ಶಾಫ್ಟ್ ಬಂದು ಸೇರುವ ಗುಂಡಿನ ಮೂತಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ನಡುಕ ನಿಂತಿತು. ಯಜಮಾನರು ಬೆನ್ನು ತಟ್ಟಿ ಹೋದರು.

ಒಂದು ವಾರಕ್ಕೆ ಅವರ ಹೆಂಡತಿ ಸಿಟ್ಟಿನಿಂದ ಬಂದರು. "ಏನಪ್ಪಾ ಮಾಡ್ದೆ ಗಾಡಿಗೆ?"

"ಯಾಕಮ್ಮಾ, ಮತ್ತೆ ನಡುಗ್ತಿದೆಯಾ?"

"ನಡುಗ್ತಿಲ್ಲ, ಅದೇ ಕಷ್ಟ! ಕಡೂರಲ್ಲಿರೋ ಮಗಳ ಮನೆಗೆ ಮೊಸರಿನ ಕೊಡ ಇಟ್ಕೊಂಡು ಹೊರಟ್ರೆ, ಇಳಿಯೋ ಹೊತ್ತಿಗೆ ಬೆಣ್ಣೆ ಮೇಲೆ ತೇಲ್ತಿತ್ತು. ಈಗ ಮೊಸರು ಮೊಸರಾಗೇ ಬತ್ತದೆ. ಈ ವಯಸ್ಸಲ್ಲಿ ನಾನು ಕಡಗೋಲು ಹಿಡೀಲಾ? ಮುಂದಿನ ಸೀಟು ನೆಟ್ಟಗಿರ್ಲಿ, ಅದು ಅವರದು. ಹಿಂದಿನ ಸೀಟು ಮಾತ್ರ ಮೊದಲಿನ ಹಾಗೆ ಕೆಡಿಸ್ಕೊಡು."

ಬಸ್ಸಿನಲ್ಲಿ

ಶಾಫ್ಟ್ ಕತ್ತರಿಸಿ, ನಡುವೆ ತುಂಡು ಸೇರಿಸಿ ಉದ್ದ ಮಾಡುವ ಲೇತ್ ತರೀಕೆರೆಯಲ್ಲಿತ್ತು. ಒಂದು ಸಲ ಶಾಫ್ಟನ್ನು ಹಳೇ ಪಂಚೆಯಲ್ಲಿ ಸುತ್ತಿ, ಪಕ್ಕದ ಸೀಟಿನಲ್ಲಿ ನಿಲ್ಲಿಸಿಕೊಂಡು ಬಸ್ಸಿನಲ್ಲಿ ಕೂತೆ.

ಕಂಡಕ್ಟರ್ ಬಂದು ದಿಟ್ಟಿಸಿ ನೋಡಿದ. "ಇದ್ಯಾರು?"

"ಶಾಫ್ಟು."

"ಯಾರಾದ್ರೇನು, ಸೀಟಲ್ಲಿ ಕೂತಿದೆಯಲ್ಲ. ಹೋಗ್ಲಿ, ಅರ್ಧ ಟಿಕೆಟ್ ತಗೋ."

ತಗೊಂಡೆ. ಜೊತೆಗಿರುವವರಿಗೆ ಅಂತ ನಾನು ಟಿಕೆಟ್ ತಗೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಕಿಟಕಿಯ ಪಕ್ಕ ಅದನ್ನೇ ಕೂರಿಸಿದೆ.

ಲೇತಿನವರು ಅರ್ಧ ಗೇಣು ಉದ್ದ ಮಾಡಿಕೊಟ್ಟರು. ವಾಪಸು ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಶಾಫ್ಟನ್ನು ಮೇಲಿಂದ ಕೆಳಗೆ ನೋಡಿ, ಕಿವಿಯ ಪೆನ್ಸಿಲ್ ತೆಗೆದ.

"ಬೆಳಿಗ್ಗೆ ಇಷ್ಟಿರಲಿಲ್ಲ ಕಣಯ್ಯ. ಬೆಳೆದ್ಬಿಟ್ಟಿದೆ. ಈಗ ಫುಲ್ ಟಿಕೆಟ್."

ಗಂಡು ಬರಲಿಲ್ಲ

ನಲವತ್ತು ಹತ್ತಿರವಾದಾಗ ಸಂಬಂಧ ಕುದುರಿಸುವವನೊಬ್ಬ ನನ್ನ ಹಿಂದೆ ಬಿದ್ದ. ಅಜ್ಜಂಪುರದ ಹತ್ತಿರದ ಹಳ್ಳಿ, ಒಳ್ಳೇ ಜನ, ಹುಡುಗಿಗೂ ವಯಸ್ಸು ದಾಟಿದೆ ಅಂದ. ನಾನು ಒಗೆದ ಬಿಳಿ ಶರ್ಟು ಹಾಕಿಕೊಂಡೆ. ಗಿರಾಕಿಯೊಬ್ಬರು ಆಗ ತಾನೇ ಎತ್ತರಿಸಿಕೊಂಡಿದ್ದ ಜೀಪು ಕೊಟ್ಟರು. ಹುಡುಗಿಯ ಮನೆ ಬೀದಿಗೆ ತಿರುಗಿ ಚರಂಡಿ ದಾಟುವಾಗ ಚಕ್ರ ಕೆಳಗಿಳಿಯಿತು, ಶಾಫ್ಟ್ ಕೋನ ತಾಳದೆ ಕ್ರಾಸ್ ಫಟ್ ಅಂತ ಮುರಿಯಿತು.

"ನೀವು ಸರಿ ಮಾಡ್ಕೊಂಡು ಬನ್ನಿ, ನಾನು ಒಳಗೆ ಮಾತು ಶುರು ಮಾಡಿರ್ತೀನಿ" ಅಂತ ಜೊತೆಗೆ ಬಂದಿದ್ದ ಸಂಬಂಧದವನು ಹುಡುಗಿಯ ಮನೆಗೆ ಹೋದ. ನಾನು ಗಾಡಿಯಲ್ಲಿಟ್ಟಿದ್ದ ಬೇರೆ ಕ್ರಾಸ್ ತಗೊಂಡು ಗಾಡಿ ಕೆಳಗೆ ತೂರಿದೆ.

ಸ್ವಲ್ಪ ಹೊತ್ತಿಗೆ ಅಜ್ಜಿಯೊಬ್ಬರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. ನನ್ನ ಕಾಲುಗಳ ಜೊತೆ ಮಾತಿಗಿಳಿದರು.

"ಈವತ್ತು ನನ್ ಮೊಮ್ಮಗಳನ್ನ ನೋಡಾಕೆ ಗಂಡು ಬತ್ತದೆ ಕಣಪ್ಪ. ಯಾವುದೋ ಭಾರಿ ವರ್ಕ್‌ಶಾಪಿನ ಓನರಂತೆ. ಕೈ ಕೆಳಗೆ ಆಳುಗಳಂತೆ, ಕೈಗೆ ಎಣ್ಣೆ ಅಂಟಲ್ವಂತೆ."

ಸ್ಪ್ಯಾನರ್ ನನ್ನ ಎದೆಯ ಮೇಲೆ ಬಿತ್ತು.

"ಹುಡುಗಿ ಅಳ್ತಾ ಕೂತವಳೆ. ಅಷ್ಟು ದೊಡ್ಡೋರು ನಂಗೆ ಬ್ಯಾಡ, ದುಡಿದು ತಿನ್ನೋನು ಸಾಕು ಅಂತಾಳೆ."

ಕ್ರಾಸನ್ನು ಎರಡೇ ಏಟಿಗೆ ಕೂರಿಸಿದೆ. ಕೆಲಸ ಮುಗಿಸಿ ಹೊರಗೆ ತೆವಳಿ ಬಂದೆ. ಶರ್ಟು, ಮುಖ, ಕೂದಲು ಎಲ್ಲ ಗ್ರೀಸು. "ಅಜ್ಜಿ, ಆ ಗಂಡು ನಾನೇ" ಅಂದೆ.

ಅಜ್ಜಿ ನನ್ನನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲೇ, ಆಸೆ ನೋಡು ಇವನಿಗೆ!"

ಅಷ್ಟರಲ್ಲಿ ಹುಡುಗಿಯ ಅಪ್ಪನೂ ಸಂಬಂಧ ತಂದವನೂ ಹೊರಗೆ ಬಂದರು. "ಎಲ್ರೀ ಗಂಡು?" ಅಂದರು ಅಪ್ಪ. ಅವನು ನನ್ನ ಅವತಾರ ನೋಡಿದ, ತಾನು ಒಳಗೆ ಕೊಚ್ಚಿಕೊಂಡದ್ದನ್ನೆಲ್ಲ ನೆನೆಸಿಕೊಂಡ. "ಓನರಿಗೆ ಜ್ವರ ಬಂದ್ಬಿಟ್ಟಿದೆಯಂತೆ. ತಿಳಿಸೋಕೆ ಇವನನ್ನ ಕಳಿಸಿದಾರೆ."

"ಅಲ್ಲ ಸ್ವಾಮಿ, ಓನರ್ ನಾನೇ" ಅಂದೆ. ಈ ಸಲ ಅಜ್ಜಿಯ ಜೊತೆ ಅಪ್ಪನೂ ನಕ್ಕರು. "ತಮಾಷೆ ಮನುಷ್ಯ. ಬಾರಪ್ಪ, ಬಿಸಿಲಲ್ಲಿ ಬಂದಿದೀಯ, ಉಪ್ಪಿಟ್ಟು ತಿಂದು ಹೋಗು" ಅಂತ ಜಗಲಿಯಲ್ಲಿ ಕೂರಿಸಿದರು.

ಉಪ್ಪಿಟ್ಟು ತಂದದ್ದು ಹುಡುಗಿಯೇ. ಗಂಡು ಬರಲಿಲ್ಲವೆಂಬ ನೆಮ್ಮದಿಗೆ ಅವಳ ಮುಖ ಅರಳಿತ್ತು. "ಇನ್ನೊಂಚೂರು ಹಾಕ್ಲಾ?" ಅಂದಳು. ಅಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹ್ಞೂಂ ಅಂದೆ. ಮತ್ತೆ ಬಡಿಸಿದಳು. ನಿಜ ಹೇಳಲು ಮತ್ತೆ ಬಾಯಿ ತೆರೆದೆ. ಮೂರನೇ ಸಲವೂ ನಕ್ಕುಬಿಟ್ಟರೆ, ಅದೂ ಇವಳೇ ನಕ್ಕರೆ, ಅಂತ ಬಾಯಿಗೆ ಉಪ್ಪಿಟ್ಟನ್ನೇ ತುಂಬಿಕೊಂಡೆ.

ಹೊರಡುವಾಗ ಅಜ್ಜಿ ಜೀಪಿನ ತನಕ ಬಂದು ಗುಟ್ಟಾಗಿ ಕೇಳಿದರು. "ನಿಂಗೆ ಮದುವೆ ಆಗೈತೇನಪ್ಪಾ?"

"ಇಲ್ಲ ಅಜ್ಜಿ."

"ಅಯ್ಯೋ, ಆ ಓನರ್ ಬದ್ಲು ನಿನ್ನಂಥೋನು ನೋಡಾಕೆ ಬಂದಿದ್ರೆ ಕಣ್ಮುಚ್ಚಿ ಕೊಟ್ಬಿಡ್ತಿದ್ವಿ! ಕಡೂರಲ್ಲಿ ನಿನ್ನಂಥೋನು ಯಾರಾದ್ರೂ ಇದ್ರೆ ಹೇಳಪ್ಪ."

"ವಿಚಾರಿಸ್ತೀನಿ ಅಜ್ಜಿ" ಅಂತ ಗಾಡಿ ಸ್ಟಾರ್ಟ್ ಮಾಡಿದೆ.