ಡಾಂಬರು ಆಗಿಬಾರದ ಸೈಕಲ್ಲು

ರಸ್ತೆಯೆಂಬುದು ನಾಗರಿಕತೆಯ ನರನಾಡಿ. ಒಳ್ಳೆಯ ರಸ್ತೆಯಿಂದ ವ್ಯಾಪಾರ ಬೆಳೆಯುತ್ತದೆ, ವಿದ್ಯೆ ಹರಡುತ್ತದೆ, ಮನುಷ್ಯ ಮನುಷ್ಯನಿಗೆ ಹತ್ತಿರವಾಗುತ್ತಾನೆ. ಇದನ್ನು ನಾನು ಗಂಭೀರವಾಗಿ ನಂಬಿದ್ದೇನೆ. ನಂಬದವನು ನಮ್ಮ ವಂಶದಲ್ಲಿ ಒಬ್ಬನೇ, ನಮ್ಮ ಕಾಕಾ. ಅವನ ಪ್ರಕಾರ ರಸ್ತೆ ಕೆಡುವುದಕ್ಕೆ ಎರಡೇ ಕಾರಣ: ಒಂದು, ಅದಕ್ಕೆ ಡಾಂಬರು ಹಾಕುವುದು; ಇನ್ನೊಂದು, ಹಾಕಿದ ಡಾಂಬರು ಕಿತ್ತುಹೋಗದೆ ಉಳಿಯುವುದು!

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ, ಜಮಖಂಡಿಯವನು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವುದು ಹೇಗೆಂದು ಯಾರನ್ನು ಕೇಳಿದರೂ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸುತ್ತಾರೆ. ಕಾಕಾ ಮಾತ್ರ ಗುಡ್ಡದ ಕಡೆ ತೋರಿಸುತ್ತಿದ್ದ. "ಆ ಗುಡ್ಡದ ಬೆನ್ನ ಮ್ಯಾಲೆ ಹೋಗು. ಮುಂದ ಒಂದು ಬನ್ನಿ ಗಿಡ ಬರ್ತೈತಿ. ಅಲ್ಲಿ ಯಾರನ್ನೂ ದಾರಿ ಕೇಳಬ್ಯಾಡ."

"ಯಾಕ ಕಾಕಾ?"

"ಅಲ್ಲಿ ಯಾರೂ ಇರೂದಿಲ್ಲ."

ಮುಧೋಳವಿರಲಿ, ಲೋಕಾಪುರವಿರಲಿ, ಬನಹಟ್ಟಿಯಿರಲಿ, ಅವನ ಸೈಕಲ್ಲು ಓಡುತ್ತಿದ್ದುದು ಗರಸಿನ ಮೇಲೆ, ಅಂದರೆ ಹರಳು ಬೆರೆತ ಮಣ್ಣಿನ ಮೇಲೆ ಮಾತ್ರ. ಗುಡ್ಡದ ಕೆಂಪು ಗರಸು, ಹೊಲಗಳ ನಡುವಿನ ಎತ್ತಿನ ಚಕ್ಕಡಿಯ ದಾರಿ, ಕೆನಾಲಿನ ದಂಡೆ. ಅಲ್ಲಿ ಲಾರಿಯಿಲ್ಲ, ಬಸ್ಸಿಲ್ಲ, ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರಿಲ್ಲ. ಬಹಳ ಸಲ ದಾರಿಯೂ ಇರುತ್ತಿರಲಿಲ್ಲ!

ನಡುವೆ ಎಲ್ಲಾದರೂ ಡಾಂಬರು ರಸ್ತೆ ಅಡ್ಡ ಬರುವುದು ಅನಿವಾರ್ಯವಲ್ಲವೆ? ಬಂದಾಗ ಕಾಕಾ ಕೆಳಗಿಳಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಎರಡೂ ಕಡೆ ನೋಡಿ ಗಂಭೀರವಾಗಿ ದಾಟುತ್ತಿದ್ದ. ಒಮ್ಮೆ ಒಬ್ಬ ಪೊಲೀಸಪ್ಪ ಇದನ್ನು ನೋಡಿ ಸೀಟಿ ಊದಿದ.

"ಪಂಕ್ಚರ್ ಆಗೇತೇನ್ರಿ ಯಜಮಾನ್ರ?"

"ಇಲ್ರಿ."

"ಮತ್ತ ಯಾಕ ಹೊತ್ತೀರಿ?"

"ಇದಕ್ಕ ಡಾಂಬರ ಆಗಿಬರೂದಿಲ್ರಿ."

ಪೊಲೀಸಪ್ಪ ತನ್ನ ನೌಕರಿಯಲ್ಲಿ ಕಳ್ಳರನ್ನು ಕಂಡಿದ್ದ, ಕುಡುಕರನ್ನು ಕಂಡಿದ್ದ. ಪಥ್ಯ ಹಿಡಿದ ಸೈಕಲ್ಲನ್ನು ಕಂಡಿರಲಿಲ್ಲ. ಬರುತ್ತಿದ್ದ ಲಾರಿಯನ್ನು ತಾನೇ ನಿಲ್ಲಿಸಿ ದಾಟಿಸಿ ಕಳಿಸಿದ.

ಇಂಥವನಿಗೆ ಸರ್ಕಾರ ಕೊಟ್ಟ ನೌಕರಿಯಾದರೂ ಯಾವುದು? ಕೋರ್ಟಿನ ಬೇಲೀಫ! ಹಳ್ಳಿ ಹಳ್ಳಿಗೆ ಹೋಗಿ ಸಮನ್ಸ್ ಮುಟ್ಟಿಸುವ ಕೆಲಸ. ಸಮನ್ಸ್ ಕಾಕಾನ ಕೈಗೆ ಬಂತೆಂದರೆ ಅದು ಗುಡ್ಡ ಹತ್ತಿ, ಹಳ್ಳ ಇಳಿದು, ಬನ್ನಿ ಗಿಡದ ನೆರಳಿನಲ್ಲಿ ಬುತ್ತಿ ಉಂಡು, ಆಮೇಲೆ ಊರು ಮುಟ್ಟಬೇಕು. ಒಮ್ಮೆ ಬದುವಿನ ಜಗಳ ಮಾಡಿಕೊಂಡ ಅಣ್ಣತಮ್ಮಂದಿರ ಮನೆಗೆ ಇವನು ತಲುಪುವ ಹೊತ್ತಿಗೆ ಇಬ್ಬರೂ ರಾಜಿಯಾಗಿ ಒಂದೇ ಸಾಲಿನಲ್ಲಿ ಕುಂತು ಹೋಳಿಗೆ ಉಣ್ಣುತ್ತಿದ್ದರು. ಇವನನ್ನೂ ಕೂಡಿಸಿ ಬಡಿಸಿದರು. ತಿರುಗಿ ಬಂದಾಗ ಸಾಹೇಬರು ಕಣ್ಣು ಕೆಂಪಗೆ ಮಾಡಿ ಕೇಳಿದರು: "ಯಾಕ್ರೀ ಇಷ್ಟ ತಡಾ?"

"ದಾರಿ ಉದ್ದ ಆತ್ರಿ ಸಾಹೇಬ್ರ. ಜಗಳ ಗಿಡ್ಡ ಆತ್ರಿ."

ಮನೆಯಲ್ಲಿ ನಮ್ಮ ಕಾಕು, ಅಂದರೆ ಅವನ ಹೆಂಡತಿ, ಇಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಒಮ್ಮೆ ರಬಕವಿಗೆ ಹೋಗಿ ನೇಯುವವರ ಮನೆಯಲ್ಲೇ ಸೀರೆ ಆರಿಸಿ ತರಬೇಕೆಂದು ಹಟ ಹಿಡಿದಳು. ಕಾಕಾ ಕ್ಯಾರಿಯರಿನ ಮೇಲೆ ಕೂಡಿಸಿಕೊಂಡು ತನ್ನ ದಾರಿಯಲ್ಲೇ ಕರೆದೊಯ್ದ. ಮುಂಜಾನೆ ಹಸಿರು ಸೀರೆ ಉಟ್ಟು ಹೋದ ಕಾಕು ರಬಕವಿ ಮುಟ್ಟಿದಾಗ ಹಣೆಯಿಂದ ಅಂಗಾಲಿನವರೆಗೆ ಒಂದೇ ಬಣ್ಣವಾಗಿದ್ದಳು. ನೇಕಾರರ ಮನೆಯಾಕೆ ಸೀರೆಗಳನ್ನು ಹರವಿ, "ಯಾವ ಬಣ್ಣ ಬೇಕ್ರೀ ಅಕ್ಕಾರ?" ಎಂದು ಕೇಳಿದಳಂತೆ. ಕಾಕು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, "ಇದ ಬಣ್ಣದ್ದು ಕೊಡ್ರಿ. ಇವರ ಕೂಡ ಸಂಸಾರ ಮಾಡಾಕ ಬ್ಯಾರೆ ಬಣ್ಣ ತಡೆಯೂದಿಲ್ಲ" ಅಂದಳು. ಆ ಗರಸಿನ ಬಣ್ಣದ ಸೀರೆ ಇಂದಿಗೂ ಟ್ರಂಕಿನಲ್ಲಿದೆ.

ಇಷ್ಟಕ್ಕೆ ನಿಲ್ಲಿಸಿದರೆ ಕಾಕಾ ಹುಚ್ಚನೆಂದು ನೀವು ಒಪ್ಪಿ ನಕ್ಕು ಸುಮ್ಮನಾಗಬಹುದು. ನಾವೂ ಹಾಗೆಯೇ ನಗುತ್ತಿದ್ದೆವು. ಆದರೆ ಆ ಹುಚ್ಚಿಗೆ ಒಂದು ವಿಳಾಸವಿತ್ತು. ಅದು ಬೀಳಗಿ ಕಡೆ, ಗುಡ್ಡದ ಆಚೆಯ ಒಂದು ಹಳ್ಳಿ, ನಮ್ಮ ಅತ್ತೆಯ ಮನೆ.

ಅತ್ತೆ ಕಾಕಾನ ಅಕ್ಕ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಕರೆಯಲು ತಮ್ಮನೇ ಹೋಗಬೇಕು. ನಮ್ಮ ಕಡೆ ಇದಕ್ಕೆ ತಪ್ಪಿದರೆ ಸತ್ತವರೂ ಎದ್ದು ಬಂದು ಬಯ್ಯುತ್ತಾರೆ. ತೊಡಕೇನೆಂದರೆ, ಅತ್ತೆಗೆ ಬಸ್ಸು ಆಗುತ್ತಿರಲಿಲ್ಲ. ಹತ್ತುವುದಿರಲಿ, ಬಸ್ಸಿನ ಹೊಗೆ ಮೂಗಿಗೆ ಬಂದರೆ ಸಾಕು, ಹೊಟ್ಟೆ ತೊಳಸಿ, ಕಣ್ಣು ಕತ್ತಲೆ ಬಂದು ಬೀಳುತ್ತಿದ್ದಳು. ಜೀಪು, ಟಂಟಂ ಎಲ್ಲಕ್ಕೂ ಅದೇ ಗತಿ. ಅವಳ ಮನೆಯವರು ಚಕ್ಕಡಿ ಮಾರಿ ಬಹಳ ದಿನವಾಗಿತ್ತು. ಉಳಿದದ್ದು ತಮ್ಮನ ಸೈಕಲ್ಲಿನ ಕ್ಯಾರಿಯರು. ಅದರ ಮೇಲೆ ಕುಂತರೂ ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಬೆಚ್ಚಿ ಕೆಳಗೆ ಹಾರುವಷ್ಟು ಅಂಜುಬುರುಕಿ ಅವಳು. ಹೀಗಾಗಿ ವರ್ಷವಿಡೀ ದಾರಿ ಹುಡುಕುವುದು ಆ ಒಂದು ದಿನದ ಸಲುವಾಗಿ!

ಮೊದಲು ನದಿಯ ದಂಡೆಗುಂಟ ಹಳೆಯ ಚಕ್ಕಡಿ ದಾರಿಯೊಂದಿತ್ತು. ಆಲಮಟ್ಟಿಯ ಹಿನ್ನೀರು ಏರಿ ಬಂದು ಅದು ಮುಳುಗಿತು. ಕಾಕಾ ನೀರಿನ ಅಂಚಿನಲ್ಲಿ ಸೈಕಲ್ ಹಿಡಿದು ಬಹಳ ಹೊತ್ತು ನಿಂತಿದ್ದನಂತೆ. ಮೀನು ಹಿಡಿಯುತ್ತಿದ್ದವನೊಬ್ಬ, "ಏನ್ ನೋಡಾಕತ್ತೀರಿ?" ಎಂದರೆ, "ನನ್ನ ದಾರಿ ಒಳಗ ಐತಿ" ಅಂದ. ಆ ಮನುಷ್ಯ ಬಲೆ ಬಿಟ್ಟು ಇವನ ರಟ್ಟೆ ಹಿಡಿದುಕೊಂಡು ದಂಡೆಯಿಂದ ದೂರ ತಂದು ಚಹಾ ಕುಡಿಸಿ ಬುದ್ಧಿ ಹೇಳಿದ.

ಆಮೇಲೆ ಶುರುವಾಯಿತು ಗುಡ್ಡದ ಶೋಧ. ದಾರಿ ಅಕ್ಕನಿಗೆ ತಕ್ಕದ್ದೋ ಅಲ್ಲವೋ ಎಂದು ತಿಳಿಯಲು ಕಾಕಾ ಒಂದು ಪರೀಕ್ಷೆ ಇಟ್ಟಿದ್ದ. ಡಬ್ಬಿಯ ತುಂಬ ಶೇಂಗಾ ಉಂಡಿ ಕಟ್ಟಿಸಿ ಕ್ಯಾರಿಯರಿಗೆ ಬಿಗಿದುಕೊಂಡು ಹೋಗುವುದು. ಮನೆಗೆ ಬಂದು ಮುಚ್ಚಳ ತೆಗೆದಾಗ ಉಂಡಿ ಇಡಿಯಾಗಿದ್ದರೆ ದಾರಿ ಪಾಸು, ಒಡೆದಿದ್ದರೆ ನಾಪಾಸು. ನಾಪಾಸಾದ ಪುಡಿಯೆಲ್ಲ ನಮ್ಮ ಪಾಲು. ಹೀಗಾಗಿ ಕೆಟ್ಟ ದಾರಿಗಳೇ ಸಿಗಲಿ ಎಂದು ಮನೆಮಂದಿಯೆಲ್ಲ ದೇವರಿಗೆ ಕೈ ಮುಗಿಯುತ್ತಿದ್ದೆವು. ಕಾಕು ಮಾತ್ರ, "ಊರ ಮಂದಿ ಉಂಡಿ ಕಟ್ಟೂದು ಹಬ್ಬಕ್ಕ, ನಾ ಕಟ್ಟೂದು ಕಲ್ಲಿಗೆ ಕುಟ್ಟಾಕ!" ಎಂದು ಬೆಲ್ಲ ಜಜ್ಜುತ್ತಿದ್ದಳು.

ಗುಡ್ಡದ ಮೇಲೆ ಕುರಿ ಕಾಯುತ್ತಿದ್ದ ಬೀರೇಶ್ವರನ ಭಕ್ತನೊಬ್ಬನನ್ನು ಕಾಕಾ ಕೇಳಿದ: "ಈ ದಾರಿ ಆಚೆ ಊರಿಗೆ ಇಳೀತೈತೇನಪಾ?"

"ಕುರಿ ಇಳೀತಾವ್ರಿ. ಸೈಕಲ್ಲಿಂದು ಗೊತ್ತಿಲ್ಲ."

"ಉಂಡಿ?"

"ಯಾವ ಉಂಡಿ ರೀ?"

ಕಾಕಾ ಡಬ್ಬಿ ಬಿಚ್ಚಿ ತೋರಿಸಿ ವಿಷಯವನ್ನೆಲ್ಲ ಹೇಳಿದ. ಕುರಿಗಾರ ಎಲ್ಲವನ್ನೂ ಕೇಳಿ, ಒಂದು ಉಂಡಿ ಬಾಯಿಗೆ ಹಾಕಿಕೊಂಡು, "ಅಕ್ಕಗ ಅಂದ್ರ ಈ ಕಡೆ ಬರ್ರಿ" ಎಂದು ಗುಡ್ಡವನ್ನು ಬಳಸಿ ಇಳಿಯುವ ಇನ್ನೊಂದು ದಾರಿ ತೋರಿಸಿದ. ಸಣ್ಣ ಗರಸು, ಹದವಾದ ಇಳಿಜಾರು, ಹೊಂಗೆ ಗಿಡಗಳ ನೆರಳು. ಮನೆಗೆ ಬಂದು ಮುಚ್ಚಳ ತೆಗೆದಾಗ ಒಂದು ಉಂಡಿಯೂ ಒಡೆದಿರಲಿಲ್ಲ. ಅಂದು ನಾವೆಲ್ಲ ಮೋರೆ ಸಪ್ಪಗೆ ಮಾಡಿಕೊಂಡು ಊಟಕ್ಕೆ ಕುಂತೆವು.

ಆ ದಾರಿಯಲ್ಲಿ ಅತ್ತೆ ಹಲವು ಪಂಚಮಿಗೆ ಬಂದಳು. ಒಂದು ಕೈಯಲ್ಲಿ ಬಿಚ್ಚಿದ ಛತ್ರಿ, ಇನ್ನೊಂದು ಕೈ ತಮ್ಮನ ಅಂಗಿಗೆ. "ಸಾವಕಾಶ ಹೊಡಿಯೋ ತಮ್ಮಾ, ನಾನೇನ್ ಸಮನ್ಸಲ್ಲ." "ಸಮನ್ಸ್ ಆಗಿದ್ರ ಇಷ್ಟ ಜಲ್ದಿ ಒಯ್ತಿದ್ದಿಲ್ಲ ಬಿಡ ಅಕ್ಕಾ." ಏರಿನಲ್ಲಿ ಇಬ್ಬರೂ ಇಳಿದು ಸೈಕಲ್ ದೂಕುತ್ತ, ತಮ್ಮ ಸಣ್ಣಂದಿನ ಜಗಳಗಳನ್ನು ಮತ್ತೆ ಮೊದಲಿನಿಂದ ಆಡುತ್ತ ಬರುತ್ತಿದ್ದರು. ಮನೆ ಮುಟ್ಟಿದಾಗಲೂ ಜಗಳ ತೀರಿರುತ್ತಿರಲಿಲ್ಲ.

ಇಷ್ಟಾದ ಮೇಲೆ ಕಾಕಾ ಸುಮ್ಮನಿರಬೇಕಿತ್ತು. ಆದರೆ ಒಳ್ಳೆಯ ವಸ್ತು ಕೈಗೆ ಬಂದರೆ ನಾಲ್ಕು ಮಂದಿಗೆ ತೋರಿಸದೆ ಇರುವುದು ನಮ್ಮ ಮನೆತನದ ರಕ್ತದಲ್ಲೇ ಇಲ್ಲ. ಅತ್ತೆಯ ಊರಿಗೆ ಪುಢಾರಿಯೊಬ್ಬರು ಬಂದಿದ್ದಾಗ ಕಾಕಾ ಅಲ್ಲಿದ್ದ. ಎದೆ ಉಬ್ಬಿಸಿ ಹೇಳಿಬಿಟ್ಟ: "ನಮ್ಮ ಅಕ್ಕನ್ನ ಪಂಚಮಿಗೆ ಕರಕೊಂಡು ಹೋಗೂದು ಗುಡ್ಡದ ದಾರ್ಯಾಗರಿ. ಇಂಥಾ ದಾರಿ ಇಡೀ ಸೀಮಿಯೊಳಗ ಇನ್ನೊಂದಿಲ್ರಿ. ನೀವು ಒಮ್ಮೆ ನೋಡಾಕ ಬೇಕು!"

ಅವರು ನೋಡಿದರು. ಜೀಪಿನಲ್ಲಿ ನೋಡಿದರು! ಸೈಕಲ್ಲಿಗೆ ಹಾಸಿಗೆಯಂತಿದ್ದ ದಾರಿ ಜೀಪಿಗೆ ಒರಳಿನಂತಾಯಿತು. ತಲೆ ಜೀಪಿನ ಮೇಲ್ಭಾಗದ ಸರಳಿಗೆ ಬಡಿದು, ಟೋಪಿ ತೊಡೆಯ ಮೇಲೆ ಬಿದ್ದು, ಕೆಳಗಿಳಿದವರೇ ಕಾಕಾನ ಎರಡೂ ಕೈ ಹಿಡಿದುಕೊಂಡರು. "ಇಂಥಾ ದಾರ್ಯಾಗ ಇಷ್ಟ ವರ್ಷ ಅಕ್ಕನ್ನ ಕರಕೊಂಡು ಬಂದೀರಿ? ನಮಗ ನಾಚಿಕಿ ಬರಬೇಕ್ರೀ!" ಕಾಕಾ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

ರಾಜಕಾರಣಿಗಳು ಮಾತು ಉಳಿಸಿಕೊಳ್ಳುವುದಿಲ್ಲವೆಂದು ಯಾರು ಹೇಳಿದರು? ಮುಂದಿನ ಬೇಸಿಗೆಗೇ ಭೂಮಿಪೂಜೆ! ಕಾಯಿ ಒಡೆಯುವ ಮಾನ ಕಾಕಾನಿಗೆ. ಶಾಲು ಹೊದಿಸಿದರು, ಹಾರ ಹಾಕಿದರು. ಫೋಟೋದಲ್ಲಿ ಕಾಕಾನ ಮುಖ ಮಗಳನ್ನು ಒಪ್ಪಿಸಿಕೊಡುವ ತಂದೆಯ ಹಾಗಿದೆ. ಕಾಕು ಪಕ್ಕದಲ್ಲೇ ನಿಂತು, "ಕಾಯಿ ಸರಿ ಒಡೀರಿ, ಉಂಡಿ ಅಲ್ಲ ಅದು" ಎಂದು ಪಿಸುಗುಟ್ಟಿದಳಂತೆ. ಅಂದು ಕಾಕಾ ಮಾತ್ರ ನಗಲಿಲ್ಲ.

ರಸ್ತೆ ಬಂತು. ಊರಿಗೆ ಒಳ್ಳೆಯದೇ ಆಯಿತು, ಅದನ್ನು ಇಲ್ಲವೆನ್ನಲಾರೆ. ಬಾಣಂತಿಯರು ಹೊತ್ತಿಗೆ ಸರಿಯಾಗಿ ದವಾಖಾನೆ ಮುಟ್ಟಿದರು, ಹುಡುಗಿಯರು ಕಾಲೇಜಿಗೆ ಹೋದರು. ಒಳದಾರಿ ಸಿಕ್ಕಿತೆಂದು ಕಲ್ಲಿನ ಟಿಪ್ಪರುಗಳೂ ಬಂದವು.

ಆ ವರ್ಷದ ಪಂಚಮಿಗೆ ಕಾಕಾ ಮೊದಲ ಸಲ ಡಾಂಬರಿನ ಮೇಲೆ ಸೈಕಲ್ ಹೊಡೆದ. ಅತ್ತೆಯನ್ನು ಕೂಡಿಸಿಕೊಂಡು ಬರುವಾಗ ಇಳಿಜಾರಿನಲ್ಲಿ ಹಿಂದಿನಿಂದ ಟಿಪ್ಪರೊಂದು ಹಾರ್ನ್ ಹೊಡೆಯಿತು. ಅತ್ತೆ ಬೆಚ್ಚಿ ಜಿಗಿದಳು, ಸೈಕಲ್ ಪಕ್ಕದ ತಗ್ಗಿಗೆ ಬಿತ್ತು. ಅವಳಿಗೆ ಏನೂ ಆಗಲಿಲ್ಲ. ಕಾಕಾನ ಮೊಣಕಾಲು ತರಚಿತ್ತು. ಅತ್ತೆ ರಸ್ತೆಯ ಬದಿಗೆ ಕುಂತು, ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಗಾಯಕ್ಕೆ ಸಿಕ್ಕ ಗರಸನ್ನು ಸೆರಗಿನ ತುದಿಯಿಂದ ಒಂದೊಂದೇ ಹರಳಾಗಿ ತೆಗೆದಳು.

"ಅಳಬ್ಯಾಡ ಸುಮ್ನಿರು" ಅಂದಳು. ಕಾಕಾನಿಗೆ ಆಗ ಪೆನ್ಶನ್ ಬರುತ್ತಿತ್ತು.

"ನಾನ ಕೆಡಿಸಿದ್ನಿ ಅಕ್ಕಾ."

"ಏನ್ ಕೆಡಿಸ್ದಿ? ನನ್ನ ಸಲುವಾಗಿ ಇಡೀ ಊರಿಗೆ ರಸ್ತೆ ತಂದಿ. ಯಾರ ತಮ್ಮ ತಂದಾನ?" ಸೆರಗು ಕೊಡವಿಕೊಂಡು ಅಂದಳು: "ಮುಂದಿನ ವರ್ಷ ನೀನ ಬಂದು ಹೋಗು. ನನ್ನ ಕೈಲಿ ಆಗೂದಿಲ್ಲ."

ಇದನ್ನೆಲ್ಲ ಕಾಕಾ ನನಗೆ ಹೇಳಿದ್ದು ಬಹಳ ತಡವಾಗಿ, ಸೈಕಲ್ ಮಾರಿದ ದಿನ.

ಈಗ ಆ ರಸ್ತೆಯಲ್ಲಿ ಬಸ್ಸು ಓಡುತ್ತದೆ. ಪಂಚಮಿಗೆ ಕಾಕಾ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾನೆ, ಅಕ್ಕನಿಗೆ ಕೊಟ್ಟು ಸಂಜೆಯ ಬಸ್ಸಿಗೆ ಒಬ್ಬನೇ ಬರುತ್ತಾನೆ. ಉಂಡಿ ಒಂದೂ ಒಡೆಯುವುದಿಲ್ಲ.