ಮೇಷ್ಟ್ರ ಮೃದು ಸ್ಯಾನಿಟೈಸರ್ ಮತ್ತು ದೆಲಿಸಾಳ ಚುನಾವಣೆ

"ಚರ್ಮವನ್ನು ಸುಡದ ಸ್ಯಾನಿಟೈಸರನ್ನು ಈ ಭೂಮಂಡಲದಲ್ಲಿ ಇದುವರೆಗೆ ಯಾರೂ ಮಾಡಿಲ್ಲವೆಂದರೆ, ಆ ಕೀರ್ತಿ ನನಗಾಗಿಯೇ ಕಾದು ಕುಳಿತಿದೆ ಎಂದರ್ಥ!"

ಎಲ್ಪಿದಿಯೋ ಮೇಷ್ಟ್ರು ಹೀಗೆಂದು ಘೋಷಿಸಿದ್ದು 2023ನೆಯ ಇಸವಿ ಅಕ್ಟೋಬರ್ 21, ಶನಿವಾರ, ಬೆಳಗಿನ ಆರೂ ಮುಕ್ಕಾಲು ಗಂಟೆಗೆ. ತಾಯಾಬಾಸ್ ಪಟ್ಟಣದಾಚೆಯ ತಮ್ಮ ಹಳ್ಳಿಯ ಮನೆಯಲ್ಲಿ, ಬೆಳ್ಳುಳ್ಳಿ ಹಾಕಿ ಹುರಿದ ಅನ್ನ ಮತ್ತು ಒಣಮೀನಿನ ತಟ್ಟೆಯ ಮುಂದೆ. ಕೇಳಿಸಿಕೊಂಡವರು ಇಬ್ಬರು: ಹೆಂಡತಿ ದೆಲಿಸಾ ಮತ್ತು ಮನೆಯ ಬೆಕ್ಕು. ಬೆಕ್ಕಿನ ಗಮನ ಒಣಮೀನಿನ ಮೇಲಿತ್ತು.

"ಮೊದಲು ತಿಂಡಿ ತಿನ್ನಿ ಮೇಷ್ಟ್ರೇ, ಆಮೇಲೆ ಭೂಮಂಡಲ," ಎಂದಳು ದೆಲಿಸಾ. ಮೂವತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಗಂಡನನ್ನು ಊರಿನವರಂತೆ ಅವಳೂ ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು. ಊರಿನವರ ದನಿಯಲ್ಲಿದ್ದ ಭಕ್ತಿ ಮಾತ್ರ ಅವಳ ದನಿಯಲ್ಲಿರಲಿಲ್ಲ.

ಆ ಘೋಷಣೆಗೆ ಕಾರಣವಾದದ್ದು ಅವಳದೇ ಅಂಗೈ. ದೆಲಿಸಾ ಹಳ್ಳಿಯ ಮುಖ್ಯಸ್ಥ ಸ್ಥಾನಕ್ಕೆ, ಅಲ್ಲಿಯವರ ಮಾತಿನಲ್ಲಿ ಕಪಿತಾನ್ ಹುದ್ದೆಗೆ, ನಿಂತಿದ್ದಳು. ಹಿಂದಿನ ಸಲ, ಅಂದರೆ 2018ನೆಯ ಇಸವಿ ಮೇ 14, ಸೋಮವಾರದಂದು, ಈ ಸಲವೂ ಎದುರಾಳಿಯಾಗಿ ನಿಂತಿದ್ದ ರುಫೋನ ಎದುರು ಒಂಬತ್ತೇ ಒಂಬತ್ತು ಓಟಿನಿಂದ ಸೋತಿದ್ದಳು. ಈ ಸಲ ಒಂದು ಮನೆಯನ್ನೂ ಬಿಡದೆ ಎಲ್ಲರ ಕೈ ಕುಲುಕುವ ಹಟ ತೊಟ್ಟಿದ್ದಳು. ಕುಲುಕಿದ ಪ್ರತಿ ಕೈಯ ನಂತರವೂ ಸ್ಯಾನಿಟೈಸರ್ ಹಚ್ಚಿಕೊಳ್ಳುವುದು 2020ರಲ್ಲಿ ಅಂಟಿದ ಅಭ್ಯಾಸ. ದಿನಕ್ಕೆ ಎಪ್ಪತ್ತು ಕೈ, ಎಪ್ಪತ್ತು ಸಲ ಅಂಗಡಿಯ ಸ್ಪಿರಿಟ್! ಪ್ರಚಾರದ ಎರಡನೆಯ ದಿನಕ್ಕೇ ಅವಳ ಅಂಗೈ ಬಿರುಕುಬಿಟ್ಟು ರಕ್ತ ಜಿನುಗತೊಡಗಿತು.

"ಆ ಮುದುಕ ಇಸ್ಕೊ ನನ್ನ ಕೈ ಮುಟ್ಟಿ ಏನಂದ ಗೊತ್ತೇನ್ರೀ? 'ದೆಲಿಸಕ್ಕಾ, ಉಪ್ಪುಕಾಗದ ಹಿಡಿದ ಹಾಗಾಯ್ತು' ಅಂದ. ಅವನ ಮನೇಲಿ ಐದು ಓಟು ಇದೆ!"

ಐದು ಓಟು! ಮೇಷ್ಟ್ರು ತಟ್ಟೆ ಸರಿಸಿ ಎದ್ದರು.

ಸಾಮಗ್ರಿಗೆ ಆ ಊರಿನಲ್ಲಿ ಬರವಿಲ್ಲ. ತೆಂಗಿನ ಕಳ್ಳಿನಿಂದ ಲಂಬನೋಗ್ ಎಂಬ ಮದ್ಯವನ್ನು ಬಟ್ಟಿಯಿಳಿಸುವವರು ಸುತ್ತಲೂ ಇದ್ದಾರೆ. ಅವರಲ್ಲೊಬ್ಬನು ಮೇಷ್ಟ್ರ ದಾಯಾದಿ. ಬಟ್ಟಿಯಲ್ಲಿ ಮೊಟ್ಟಮೊದಲು ಇಳಿಯುವ, ಯಾರೂ ಕುಡಿಯಲಾಗದ ಉರಿಯ ದ್ರವವನ್ನು ಅವನಿಂದ ತಂದು, ಮತ್ತೊಮ್ಮೆ ಬಟ್ಟಿಯಿಳಿಸಿ, ಅಳತೆಯ ಕೊಳವೆ ಮುಳುಗಿಸಿ ನೋಡಿ, ನೂರಕ್ಕೆ ಎಪ್ಪತ್ತೈದು ಭಾಗ ಶುದ್ಧ ಆಲ್ಕೋಹಾಲ್ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಉಳಿದದ್ದು ಮೃದುತ್ವದ ಪ್ರಶ್ನೆ. 22ರಂದು ಲೋಳೆಸರದ ತಿರುಳನ್ನು ನೇರವಾಗಿ ಸುರಿದರು. ಅದು ದಾರದಾರವಾಗಿ ಒಡೆದು ಬಾಟಲಿಯೊಳಗೆ ಶಾವಿಗೆಯಂತೆ ತೇಲಿತು. 23ರಂದು ಗ್ಲಿಸರಿನ್ ಧಾರಾಳವಾಗಿ ಹಾಕಿದರು; ಅಂದು ದೆಲಿಸಾ ಕೈ ಕುಲುಕಿದ ಮತದಾರನೊಬ್ಬನು ತನ್ನ ಕೈಯನ್ನು ಬಿಡಿಸಿಕೊಳ್ಳಲು ಇನ್ನೊಂದು ಕೈಯ ಸಹಾಯ ಪಡೆಯಬೇಕಾಯಿತು. 24, ಮಂಗಳವಾರ, ತಿರುಳನ್ನು ಬಟ್ಟೆಯಲ್ಲಿ ಸೋಸಿ, ಗ್ಲಿಸರಿನ್ನನ್ನು ಚಮಚದಲ್ಲಿ ಅಳೆದು ಬೆರೆಸಿದಾಗ ವಿಜ್ಞಾನವು ಮೇಷ್ಟ್ರಿಗೆ ಶರಣಾಯಿತು. ನಾಲ್ಕು ದಿನಗಳಲ್ಲಿ ದೆಲಿಸಾಳ ಅಂಗೈ ಮದುವಣಗಿತ್ತಿಯ ಅಂಗೈಯಾಯಿತು! ಸ್ವತಃ ಇಸ್ಕೊ ಮುದುಕನೇ ಎರಡು ಸಲ ಕುಲುಕಿದನಂತೆ.

"ಹೇಗೆ?" ಎಂದರು ಮೇಷ್ಟ್ರು.

"ಒಪ್ಪಿದೆ. ಇಲ್ಲಿಗೆ ನಿಲ್ಲಿಸಿ," ಎಂದಳು ದೆಲಿಸಾ.

ಮೇಷ್ಟ್ರು ನಿಲ್ಲಿಸಲಿಲ್ಲ. ಹನ್ನೆರಡು ಹಳೆಯ ಜಿನ್ ಬಾಟಲಿಗಳನ್ನು ತುಂಬಿಸಿ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದರು.

ಅಕ್ಟೋಬರ್ 29, ಭಾನುವಾರ, ಚುನಾವಣೆಯ ಹಿಂದಿನ ದಿನ. ದೆಲಿಸಾ ಚರ್ಚಿಗೆ ಹೋಗಿದ್ದಳು. ಹಳ್ಳಿಯ ಕಾವಲುಗಾರ ಅಂಬೋ ಬೇಲಿಯ ಬಳಿ ಸೈಕಲ್ ನಿಲ್ಲಿಸಿದ.

"ಮೇಷ್ಟ್ರೇ, ಇವತ್ತು ನಾಳೆ ಮದ್ಯ ನಿಷೇಧ. ನೀವು ನೋಡಿದ್ರೆ ಹನ್ನೆರಡು ಬಾಟ್ಲಿ ಲಂಬನೋಗ್ ಪ್ರದರ್ಶನಕ್ಕೆ ಇಟ್ಟಿದ್ದೀರಿ!"

"ಮೂರ್ಖ! ಇದು ಸ್ಯಾನಿಟೈಸರ್ ಕಣೋ."

"ನೀವು ಹೇಳಿದ್ರೆ ನಾನು ನಂಬ್ತೀನಿ. ಪೊಲೀಸರು ನಂಬ್ತಾರಾ? ನಮ್ಮೂರಲ್ಲಿ ಜಿನ್ ಬಾಟ್ಲೀಲಿ ತಿಳಿಯಾಗಿರೋದು ಬೇರೆ ಏನಿರುತ್ತೆ ಹೇಳಿ? ನಾಳೆ ಓಟು, ಇವತ್ತು ಅಭ್ಯರ್ಥಿ ಮನೇಲಿ ಹೆಂಡ! ದೆಲಿಸಕ್ಕನ ಕಥೆ ಮುಗೀತು."

ಮೇಷ್ಟ್ರು ಬೆವರಿದರು. ಆದರೆ ಮೂವತ್ತೊಂಬತ್ತು ವರ್ಷದ ಅನುಭವವು ಕೈಬಿಡಲಿಲ್ಲ. ಕುಡಿಯುವಂತೆ ಕಾಣಬಾರದು, ಅಷ್ಟೇ ತಾನೆ? ಪಕ್ಕದ ಮನೆಯವರು ತಾಳೆಗರಿಯ ಚಾಪೆಗೆ ಹಾಕುವ ನೀಲಿ ಬಣ್ಣದ ಪುಡಿಯನ್ನು ತಂದು ಬಾಟಲಿಗೊಂದು ಚಿಟಿಕೆ ಹಾಕಿದರು. ಸಾಲದೆನಿಸಿತು. ಇನ್ನೊಂದು ಚಿಟಿಕೆ ಹಾಕಿ, ದೊಡ್ಡ ಪಾತ್ರೆಗೆ ಎಲ್ಲವನ್ನೂ ಸುರಿದು, ಮೊಣಕೈವರೆಗೆ ಕೈಯದ್ದಿ ಕಲಸಿದರು. ಈಗ ಅದನ್ನು ಹೆಂಡವೆನ್ನುವ ಪೊಲೀಸನು ಹುಟ್ಟಿಬರಬೇಕಿತ್ತು!

ಅಕ್ಟೋಬರ್ ಜಪಮಾಲೆಯ ತಿಂಗಳು. ಮಾತೆ ಮೇರಿಯ ಮೂರ್ತಿಯು ದಿನಕ್ಕೊಂದು ಮನೆಯಂತೆ ಊರನ್ನು ಸುತ್ತುತ್ತದೆ. ಅಂದು ಸಂಜೆ ಮೇಷ್ಟ್ರ ಮನೆಯ ಸರದಿ. ಬಂದ ಹೆಂಗಸರು ಮೂವತ್ತೆಂಟು, ಎಲ್ಲರೂ ದೆಲಿಸಾಳ ಕಟ್ಟಾ ಬೆಂಬಲಿಗರು. ಪ್ರಾರ್ಥನೆ ತೊಡಗುವ ಮೊದಲೇ ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಿದರು; ಆ ಮಂಕು ಬೆಳಕಿನಲ್ಲಿ ಎಲ್ಲ ಬಣ್ಣವೂ ಒಂದೇ. ಮೂರ್ತಿಯನ್ನು ಎಲ್ಲರೂ ಮುಟ್ಟುವರಲ್ಲವೇ? ಮೇಷ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈಗೂ ಸುರಿದರು.

"ಮೇಷ್ಟ್ರೇ, ಇವತ್ತು ಯಾರಿಗೂ ಏನೂ ಕೊಡಬಾರದು. ಕಾನೂನು," ಎಂದು ದೆಲಿಸಾ ಪಿಸುಗುಟ್ಟಿದಳು.

"ಕೊಡ್ತಾ ಇಲ್ಲ, ಹಚ್ತಾ ಇದ್ದೀನಿ."

"ಅಯ್ಯೋ, ಎಷ್ಟು ಮೃದು! ಇನ್ನೊಂಚೂರು ಹಾಕಿ ಮೇಷ್ಟ್ರೇ," ಎಂದರು ಹೆಂಗಸರು. ಮೇಷ್ಟ್ರು ಧಾರಾಳಿ. ದೆಲಿಸಾ ಮಾತ್ರ ಸಂಜೆಯಿಡೀ ಕೈಯಲ್ಲಿ ಜಪಮಾಲೆ ಹಿಡಿದು ಪ್ರಾರ್ಥನೆ ನಡೆಸುತ್ತಿದ್ದುದರಿಂದ ಹಚ್ಚಿಕೊಳ್ಳಲಿಲ್ಲ.

ಮರುದಿನ, ಅಕ್ಟೋಬರ್ 30, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಶಾಲೆಯ ಮತಗಟ್ಟೆಯಲ್ಲಿ ಅಧಿಕಾರಿಯಾಗಿ ಕುಳಿತಿದ್ದವಳು ಜೊವೆಲಿನ್ ಟೀಚರ್, ಮೇಷ್ಟ್ರ ಹಳೆಯ ಶಿಷ್ಯೆ. ಓಟು ಹಾಕಿದವರ ಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುವುದು ನಿಯಮ. ಹಾಕಲು ಬಂದವರ ಬೆರಳಲ್ಲಿ ಶಾಯಿಯಿಲ್ಲವೆಂದು ನೋಡುವುದು ಅದಕ್ಕೂ ಮೊದಲ ನಿಯಮ.

ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದ ಮೇಷ್ಟ್ರು ಕೈ ಚಾಚಿದರು. ಜೊವೆಲಿನ್ ಕನ್ನಡಕ ಸರಿಮಾಡಿಕೊಂಡಳು.

"ಹತ್ತೂ ಬೆರಳು! ಹತ್ತು ಸಲ ಹಾಕಿದ್ದೀರಾ ಮೇಷ್ಟ್ರೇ?"

"ಇದು ಶಾಯಿಯಲ್ಲಮ್ಮ, ಚಾಪೆಯ ಬಣ್ಣ. ನಾನು ಮೊದಲ ಓಟು ಹಾಕಿದ 1971ನೆಯ ಇಸವಿ ನವೆಂಬರ್ 8ರಿಂದ..."

"ಮೇಷ್ಟ್ರೇ, ಹಿಂದೆ ತಿರುಗಿ ನೋಡಿ."

ತಿರುಗಿ ನೋಡಿದರು. ಮೂವತ್ತೆಂಟು ಹೆಂಗಸರು. ಎಪ್ಪತ್ತಾರು ನೀಲಿ ಅಂಗೈಗಳು! ಮೃದುವಾದ ಚರ್ಮವು ಬಣ್ಣವನ್ನು ಸ್ವಂತ ಮಗುವಿನಂತೆ ಒಳಗೆ ಸೇರಿಸಿಕೊಂಡಿತ್ತು. ಸೋಪು, ನಿಂಬೆ, ಬೂದಿ, ಎಲ್ಲವೂ ಬೆಳಗಿನಿಂದ ಸೋತಿದ್ದವು. ರುಫೋನ ಏಜೆಂಟನು ಎದ್ದು ನಿಂತು, ನೀಲಿ ಬೆರಳಿನ ಒಬ್ಬರನ್ನೂ ಒಳಗೆ ಬಿಡಕೂಡದೆಂದು ಆಕ್ಷೇಪಿಸಿದ. ದೆಲಿಸಾ ಗಂಡನತ್ತ ನೋಡಿದಳು.

ದಾರಿ ತೋರಿಸಿದವಳು ಜೊವೆಲಿನ್. "ಶಾಯಿ ಸ್ಪಿರಿಟ್ಟಿಗೆ ಜಗ್ಗಲ್ಲ, ಚಾಪೆ ಬಣ್ಣ ಬಿಡಬಹುದು. ಎಲ್ಲರ ಎದುರಿಗೆ ಉಜ್ಜಿ ನೋಡೋಣ. ಅಳಿಸಿ ಹೋದ್ರೆ ಅದು ಶಾಯಿ ಅಲ್ಲ. ಒಪ್ಪಿಗೆನಾ?"

ಏಜೆಂಟ್ ಒಪ್ಪಿದ. ಮತಗಟ್ಟೆಯ ಮೇಜಿನ ಮೇಲಿದ್ದ, ಗ್ಲಿಸರಿನ್ನಿನ ಸೋಂಕಿಲ್ಲದ, ಅಪ್ಪಟ ಉರಿಯ ಸ್ಪಿರಿಟ್! ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಹಿಡಿದು ಉಜ್ಜಿಕೊಂಡರು. ಉಗುರು ಬಿಳಿಯಾಗಲು ತಲೆಗೆ ಹತ್ತು ನಿಮಿಷ. ಮೇಷ್ಟ್ರು ಮರ್ಯಾದೆಗೆ ಕೊನೆಯಲ್ಲಿ ನಿಂತು, ಬಂದವರಿಗೆಲ್ಲ ಹತ್ತಿಯ ಉಂಡೆ ಮಾಡಿಕೊಟ್ಟರು. ಮಧ್ಯಾಹ್ನ ಎರಡೂಕಾಲಿಗೆ ಮೂವತ್ತೆಂಟನೆಯವಳೂ ಓಟು ಹಾಕಿ ಹೊರಬಂದಳು. ಆಗ ಮೇಷ್ಟ್ರು ತಮ್ಮ ಕೈಗಳನ್ನು ಉಜ್ಜತೊಡಗಿದರು. ಪಾತ್ರೆಯಲ್ಲಿ ಮೊಣಕೈವರೆಗೆ ಮುಳುಗೆದ್ದ ಕೈಗಳವು! ಸ್ಪಿರಿಟ್ ಮುಗಿಯಿತು, ಉಗುರಿನ ಬುಡದ ನೀಲಿ ಮುಗಿಯಲಿಲ್ಲ.

"ಕ್ಷಮಿಸಿ ಮೇಷ್ಟ್ರೇ. ನಿಯಮ ಪಾಲಿಸೋದು ನೀವೇ ಕಲಿಸಿದ್ದು," ಎಂದಳು ಜೊವೆಲಿನ್.

ಸಂಜೆ ಎಣಿಕೆ ಮುಗಿಯಿತು. ರುಫೋ: ಇನ್ನೂರ ಮೂವತ್ತೊಂದು. ದೆಲಿಸಾ: ಇನ್ನೂರ ಮೂವತ್ತೊಂದು.

ಶಾಲೆಯ ಅಂಗಳದಲ್ಲಿದ್ದ ಸಮಸ್ತರೂ ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿದರು. ಮೇಷ್ಟ್ರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾವಿನ ಮರವನ್ನು ಪರೀಕ್ಷಿಸುತ್ತಿದ್ದರು.

ಸಮ ಬಂದರೆ ಚೀಟಿ ಎತ್ತಬೇಕು. ಅಕ್ಟೋಬರ್ 31, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ ಗಾಜಿನ ಭರಣಿಯೊಳಗೆ ಎರಡು ಚೀಟಿ ಬಿದ್ದವು. ಸಹಾಯಕ್ಕೆಂದು ಮುಂದೆ ಬಂದ ಮೇಷ್ಟ್ರಿಗೆ, "ನೀವು ಏನನ್ನೂ ಮುಟ್ಟಬೇಡಿ!" ಎಂದು ಎರಡೂ ಪಕ್ಷದವರು ಒಕ್ಕೊರಲಿನಿಂದ ಕೂಗಿದರು, ಆ ಊರಿನ ಇತಿಹಾಸದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ರುಫೋ ಒಂದು ಚೀಟಿ ಎತ್ತಿದ: ಖಾಲಿ. ದೆಲಿಸಾ ಎತ್ತಿದ ಚೀಟಿಯಲ್ಲಿ ಕಪಿತಾನ್ ಎಂದಿತ್ತು.

ರುಫೋ ದೊಡ್ಡ ಮನಸ್ಸಿನವನು. ದೆಲಿಸಾಳ ಕೈ ಕುಲುಕಿ ಅಭಿನಂದಿಸಿ, ನೇರವಾಗಿ ಮೇಷ್ಟ್ರ ಬಳಿಗೆ ಬಂದು ಆ ನೀಲಿ ಕೈಗಳನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಮೇಷ್ಟ್ರೇ, ನನ್ನ ಹೆಂಡತಿ, ಇಬ್ಬರು ಮೈದುನಂದಿರು, ಎಲ್ಲಾ ಸೇರಿ ಹತ್ತು ದಿನ ಬಿಸಿಲಲ್ಲಿ ಓಡಾಡಿದ್ರು. ಆದ್ರೂ ನನ್ನ ಗೆಲುವಿಗೆ ನಿಮ್ಮಷ್ಟು ದುಡಿದವರು ಇನ್ನೊಬ್ಬರಿಲ್ಲ!"

ಅಷ್ಟರಲ್ಲಿ ನೂತನ ಕಪಿತಾನ್ ದೆಲಿಸಾ ಹಿಂದಿನಿಂದ ನುಡಿದಳು:

"ಮುಂದಿನ ಚುನಾವಣೆಗೆ ಇವರನ್ನ ಬಹಿರಂಗವಾಗಿ ನಿಮ್ಮ ಪಕ್ಷಕ್ಕೇ ಸೇರಿಸ್ಕೊಳ್ಳಿ ರುಫೋ. ಆಗ ನಾನು ನೂರು ಓಟಿನಿಂದ ಗೆಲ್ತೀನಿ."