ಜೇನುಹುಳಕ್ಕೆ ಬ್ರೇಕ್ ಹಾಕಿದ ಕಿವಿರಾಯರು

"ನನ್ನ ಕಿವಿಯಿಂದ ತಪ್ಪಿಸಿಕೊಂಡು ಒಂದು ಕೆಟ್ಟ ಓದೂ ಈ ಭೂಮಿಯ ಮೇಲೆ ಬದುಕಕೂಡದು!" ಎಂದು ಕಿವಿರಾಯರು ಶಪಥ ಮಾಡಿದರು.

"ಮೊದ್ಲು ಒಲೆ ಮೇಲಿನ ಹಾಲು ನೋಡಿ," ಎಂದಳು ಹೆಂಡತಿ. ಹಾಲು ಆಗಲೇ ಉಕ್ಕಿ ಒಲೆಯ ಪಾಲಾಗಿತ್ತು. ಇಯರ್‌ಫೋನು ಸಿಕ್ಕಿಸಿಕೊಂಡವರಿಗೆ ಅದರ ಸದ್ದೆಲ್ಲಿ ಕೇಳಬೇಕು!

ಕಿವಿರಾಯರು ಅನ್ನುವುದು ಮನೆಯವರಿಟ್ಟ ಹೆಸರು. ಕಸುಬು ಗಡಿಯಾರ ರಿಪೇರಿ. ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ದಿನವಿಡೀ ಆಡಿಯೋ ಪುಸ್ತಕ ಕೇಳುತ್ತಿದ್ದರು. ಕಥೆ, ಕಾದಂಬರಿ ಅವರಿಗೆ ಆಗಿಬರುತ್ತಿರಲಿಲ್ಲ. "ನಡೆದದ್ದನ್ನ ಹೇಳ್ರಪ್ಪಾ! ನಡೆಯದೇ ಇರೋದನ್ನ ತರೋಕೆ ನನ್ನ ಗಿರಾಕಿಗಳಿದ್ದಾರೆ!" ಎನ್ನುತ್ತಿದ್ದರು. ಚರಿತ್ರೆ, ಆರೋಗ್ಯ, ಇರುವೆ, ಅಂತರಿಕ್ಷ, ಯಾವುದಾದರೂ ಸರಿ, ನಿಜವಾಗಿರಬೇಕು.

ಓದುವವರ ಮೇಲೆ ಮಾತ್ರ ಎಳ್ಳಷ್ಟೂ ದಯೆಯಿಲ್ಲ. "ಈ ಚರಿತ್ರೆಯವನು ಯುದ್ಧ ತಾನೇ ಗೆದ್ದು ಬಂದವನ ಹಾಗೆ ಅರಚ್ತಾನೆ. ಆರೋಗ್ಯದ ಪುಸ್ತಕದವಳದು ಅದೆಂಥ ಅಳುದನಿ! ನೆಗಡಿಯ ಅಧ್ಯಾಯಕ್ಕೇ ನಾನು ವಿಲ್ ಬರೆಯೋಣ ಅಂದ್ಕೊಂಡೆ! ಇನ್ನು ಬರೆದವರೇ ಓದಿದ್ರಂತೂ ಮುಗೀತು, ತಮ್ಮ ಜೋಕಿಗೆ ತಾವೇ ಮೊದ್ಲು ನಗ್ತಾರೆ!" ಊಟದ ಮೇಜಿನಲ್ಲಿ ಇದನ್ನು ಯಾರೂ ಕೇಳದಿದ್ದರೆ ನೇರವಾಗಿ ಕಂಪನಿಗಳಿಗೇ ಬರೆದು ಹಾಕುತ್ತಿದ್ದರು.

ಇಂಥವರ ಕೈಗೆ ಸಿಕ್ಕಿಬಿದ್ದದ್ದು ಅವರ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಸಾರುವುದು ಅವನ ಕೆಲಸವಾಗಿತ್ತು. ಆ ಜಾಗಕ್ಕೆ ಯಂತ್ರದ ದನಿ ಬಂದು, ಪಾಪ, ಅವನು ಮನೆಯಲ್ಲಿ ಕೂತಿದ್ದ. ಆಡಿಯೋ ಪುಸ್ತಕ ತಯಾರಿಸುವ ಮೇಡಂ ಒಬ್ಬರು ಜೇನುಹುಳುಗಳ ಪುಸ್ತಕವೊಂದನ್ನು ಕೊಟ್ಟು, ಮೊದಲ ಅಧ್ಯಾಯ ಓದಿ ಕಳಿಸಲು ಹೇಳಿದ್ದರು. ಮೆಚ್ಚಿದರೆ ಕಾಯಂ ಕೆಲಸ!

"ಅಣ್ಣಾ, ಮೊದ್ಲು ನೀವು ಕೇಳಿ. ನೀವು ಸೈ ಅಂದ್ರೆ ಕಳಿಸ್ತೀನಿ. ಇದೊಂದು ಕೈಹಿಡಿದ್ರೆ ನಾನು ಬದುಕಿದೆ," ಎಂದು ಷಡ್ಡಕ ತನ್ನ ಓದನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿದ.

ಇಯರ್‌ಫೋನಿನಲ್ಲಿ ಕೇಳಿದ ಕಿವಿರಾಯರು ಕೂಡಲೇ ಫೋನ್ ಮಾಡಿದರು. "ಏನಯ್ಯಾ ಇದು! ನಿನ್ನ ಜೇನುಹುಳ ಹಾರ್ತಾ ಇಲ್ಲ, ಕೊನೇ ಬಸ್ ಹಿಡಿಯೋಕೆ ಓಡ್ತಾ ಇದೆ! ಬಸ್‌ಸ್ಟ್ಯಾಂಡ್ ಚಾಳಿ ಬಿಡು. ನಿಧಾನ!"

ಹೊರಗಿನ ಸದ್ದು ಸೇರದಿರಲೆಂದು ಷಡ್ಡಕ ಬೀರುವಿನ ಪಕ್ಕದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು, ಬೆವರು ಸುರಿಸುತ್ತ ಮತ್ತೆ ಓದಿದ. "ಇನ್ನೂ ಓಟ!" ಮತ್ತೆ ಓದಿದ. "ಹಿಂದೆ ನಾಯಿ ಅಟ್ಟಿಸ್ಕೊಂಡು ಬಂದಿದೆಯೇನಯ್ಯಾ?"

"ನಂಗೂ ಸ್ವಲ್ಪ ಕೇಳ್ಸಿ," ಎಂದಳು ಹೆಂಡತಿ.

"ಇದು ಪಳಗಿದ ಕಿವಿಯ ಕೆಲಸ ಕಣೇ. ಕತ್ತೆಗೇನು ಗೊತ್ತು..." ಎಂದು ಗಾದೆ ತೆಗೆದವರು, ಅವಳ ಮುಖ ನೋಡಿ ಕಸ್ತೂರಿಯನ್ನು ಅಲ್ಲೇ ನುಂಗಿಕೊಂಡರು.

ಕೊನೆಗೆ ಷಡ್ಡಕ ಪದಕ್ಕೊಂದು ಗುಟುಕು ನೀರು ಕುಡಿಯುತ್ತ ಓದಿ ಕಳಿಸಿದ. ಕಿವಿರಾಯರು ಕುಣಿದುಬಿಟ್ಟರು. "ಭೇಷ್! ಓದು ಅಂದ್ರೆ ಇದು! ಕಳಿಸು!"

ಮರುದಿನ ಷಡ್ಡಕ ಇವರ ಮನೆಯಲ್ಲಿದ್ದಾಗಲೇ ಮೇಡಂ ಫೋನ್ ಬಂತು. ಎಲ್ಲರೂ ಕೇಳಲೆಂದು ಅವನು ಸ್ಪೀಕರ್ ಹಾಕಿದ.

"ನಿಮಗೆ ಮೈ ಹುಷಾರಿದೆ ತಾನೇ?"

"ಚೆನ್ನಾಗಿದ್ದೀನಿ ಮೇಡಂ."

"ಮತ್ತೆ ಅದೇನ್ರೀ ಓದು! 'ರಾಣಿಜೇನು' ಅಂದ್ರಿ. ಅವಳು ಮೊಟ್ಟೆ ಇಡೋ ಹೊತ್ತಿಗೆ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಆಫೀಸಿನವರು ದೀಪ ಆರಿಸಿ, ನನ್ನನ್ನ ಒಳಗೇ ಬಿಟ್ಟು ಬೀಗ ಹಾಕ್ಕೊಂಡು ಹೋದ್ರು! ಬೇಜಾರು ಮಾಡ್ಕೋಬೇಡಿ, ಬೇರೆಯವರನ್ನ ನೋಡ್ತೀನಿ."

ಷಡ್ಡಕನ ಮುಖ ಬಾಡಿಹೋಯಿತು. ಹೆಂಡತಿಗೆ ರೇಗಿತು. ಗಂಡನ ಕೈಯಿಂದ ಫೋನು ಕಿತ್ತುಕೊಂಡು, ಇಯರ್‌ಫೋನಿನ ತಂತಿ ಎಳೆದೆಸೆದು, ಆ ಓದನ್ನು ಹಾಕಿದಳು. ಅದು ಸರಾಗವಾಗಿಯೇ ಕೇಳಿಸಿತು! ಷಡ್ಡಕ ಬೆಪ್ಪಾದ. "ಅಯ್ಯೋ, ನಾನು ಇಷ್ಟು ಬೇಗ ಓದೇ ಇಲ್ಲ!"

ಅವಳು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು. "ಓದಿದ್ದು ಇವನು, ಓಡಿದ್ದು ನಿಮ್ಮ ಫೋನು! ವೇಗ ಎರಡು ಪಟ್ಟಿಗೆ ಇಟ್ಟಿದ್ದೀರಲ್ರೀ! ಮೇಡಂ, ಫೋನ್ ಇಡ್ಬೇಡಿ, ಒಂದೇ ನಿಮಿಷ!"

ವೇಗ ಇಳಿಸಿ, ಷಡ್ಡಕ ಮೊಟ್ಟಮೊದಲು ಕಳಿಸಿದ್ದ ಓದನ್ನು ಹಾಕಿದಳು. ಎಂಥ ದನಿ! ಹೂವಿಂದ ಹೂವಿಗೆ ಹೋಗುವ ಹುಳದ ಹಿಂದೆ ಕೇಳುವವರೂ ಹೊರಟುಬಿಡಬೇಕು, ಹಾಗಿತ್ತು. ಕಿವಿರಾಯರಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

"ಇದನ್ನ ಬಚ್ಚಿಟ್ಕೊಂಡು ಅದನ್ಯಾಕ್ರೀ ಕಳಿಸಿದ್ರಿ?" ಎಂದು ಮೇಡಂ ಬೈದರು. "ಸೋಮವಾರವೇ ಬಂದು ಕೆಲಸಕ್ಕೆ ಸೇರ್ಕೊಳ್ಳಿ!"

ಷಡ್ಡಕ ಕುಣಿದು ಕಿವಿರಾಯರನ್ನು ತಬ್ಬಿಕೊಂಡ. ಕಿವಿರಾಯರಿಗೆ ಹೋದ ಜೀವ ಬಂತು, ಜೊತೆಗೆ ಹೋದ ಜಂಬವೂ ಬಂತು. "ನಾನೇನಯ್ಯಾ ಮಾಡ್ಲಿ? ಫೋನು ತಾನಾಗೇ ಎರಡಕ್ಕೆ ಹೋಗಿದೆ!"

"ತಾನಾಗೇ ಹೋಗಲ್ಲ ಅಣ್ಣಾ," ಎಂದ ಷಡ್ಡಕ ಸಂತೋಷದ ಭರದಲ್ಲಿ. "ಯಾರೋ ಒಬ್ಬರ ಮೆಸೇಜು ಬೇಗ ಮುಗೀಲಿ ಅಂತ ಒತ್ತಿರ್ತೀರಿ. ಆಮೇಲೆ ಎಲ್ಲರದೂ ಹಾಗೇ ಓಡುತ್ತೆ."

ಹೆಂಡತಿ ಫೋನಿನಲ್ಲಿದ್ದ ಮೆಸೇಜುಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳಿ ನೋಡಿದಳು. ಷಡ್ಡಕನನ್ನು ಬಿಟ್ಟರೆ ಕಿವಿರಾಯರಿಗೆ ವಾಯ್ಸ್ ಮೆಸೇಜ್ ಕಳಿಸುವ ಜೀವ ಈ ಪ್ರಪಂಚದಲ್ಲಿ ಇನ್ನೊಂದೇ ಇತ್ತು.

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು ಗಂಡನ ಎದುರಿಗೇ ಕೂತಳು.

"ಇನ್ಮೇಲೆ ಮೆಸೇಜು ಕಳಿಸಲ್ಲ ಕಣ್ರೀ," ಎಂದಳು ನಗುನಗುತ್ತ. "ಎಲ್ಲಾ ಎದುರಿಗೇ ಹೇಳ್ತೀನಿ. ಅದೆಲ್ಲಿ ಒತ್ತುತ್ತೀರೋ ಒತ್ತಿ, ನೋಡೇಬಿಡೋಣ!"